ಸೇರು ತುಂಬಿದ್ದು ಗೊತ್ತಾಗಲಿಲ್ಲ

ಡೆಂಕಣಿಕೋಟೆ ಕಡೆ ಒಂದು ತೋಟದಲ್ಲಿ 14 ಇಂಚಿನ ಟೆಲಿಸ್ಕೋಪ್ ಇದೆ. ರಾತ್ರಿ ಅದನ್ನು ನಡೆಸುವುದು ನನ್ನ ಕೆಲಸ. ಉತ್ತರದ ಆಕಾಶವನ್ನು ಹೊಸೂರು, ಬೆಂಗಳೂರಿನ ದೀಪಗಳು ಕೆಡಿಸಿವೆ. ನೆತ್ತಿಯ ಮೇಲೆ ಮಾತ್ರ ಪರವಾಗಿಲ್ಲ.

2016ರ ಡಿಸೆಂಬರ್‌ನಲ್ಲಿ ನಾವು ಸಿಟಿಎ 102 ಅನ್ನುವ ಕ್ವೇಸಾರ್ ಹಿಂದೆ ಬಿದ್ದಿದ್ದೆವು. ಕ್ವೇಸಾರ್ ಅಂದರೆ ಬಲು ದೂರದ ಗ್ಯಾಲಕ್ಸಿಯೊಂದರ ತೀರಾ ಹೊಳೆಯುವ ನಡುಭಾಗ. ಪೆಗಾಸಸ್ ನಕ್ಷತ್ರಪುಂಜದಲ್ಲಿದೆ. ಅದರ ಬೆಳಕು ನಮ್ಮನ್ನು ಮುಟ್ಟಲು ಸುಮಾರು 800 ಕೋಟಿ ವರ್ಷ ಬೇಕು. 1965ರಲ್ಲಿ ಇದರ ರೇಡಿಯೋ ಅಲೆಗಳ ಏರಿಳಿತ ಕಂಡ ಸೋವಿಯತ್ ವಿಜ್ಞಾನಿಗಳು, ಬೇರೆ ಲೋಕದವರು ಕಳಿಸುತ್ತಿರಬಹುದಾ ಅಂತ ಅನುಮಾನಪಟ್ಟಿದ್ದರು. ಪಾಪ, ಕ್ವೇಸಾರ್‌ಗೆ ಅದೆಲ್ಲ ಗೊತ್ತಿಲ್ಲ.

ಮಾಮೂಲಿ ದಿನಗಳಲ್ಲಿ ಅದು 16, 17ನೇ ಮ್ಯಾಗ್ನಿಟ್ಯೂಡ್‌ನ ಮಂಕು ಚುಕ್ಕೆ. ಈ ಲೆಕ್ಕದಲ್ಲಿ ಅಂಕಿ ಇಳಿದಷ್ಟೂ ಹೊಳಪು ಜಾಸ್ತಿ. 5 ಇಳಿದರೆ 100 ಪಟ್ಟು. ಆ ಡಿಸೆಂಬರ್ ಕೊನೆಗೆ ಅದು 11ರ ಹತ್ತಿರ ಬಂದಿತ್ತು.

ಅಳೆಯುವ ರೀತಿ ಸುಲಭ. ಅದೇ ಚಿತ್ರದಲ್ಲಿರುವ, ಹೊಳಪು ಬದಲಾಗದ ಒಂದು ನಕ್ಷತ್ರದ ಜೊತೆ ಕ್ವೇಸಾರನ್ನು ಹೋಲಿಸುತ್ತೇವೆ. ಇನ್ನೊಂದು ನಕ್ಷತ್ರವನ್ನು ತಾಳೆ ನೋಡಲು ಇಟ್ಟುಕೊಳ್ಳುತ್ತೇವೆ. ತೆಳು ಮೋಡ ಬಂದರೆ ಎಲ್ಲವೂ ಒಟ್ಟಿಗೆ ಮಂಕಾಗುತ್ತವೆ, ವ್ಯತ್ಯಾಸ ಹಾಗೇ ಉಳಿಯುತ್ತದೆ.

ಡಿಸೆಂಬರ್ 12ಕ್ಕೆ ವರ್ಧಾ ಚಂಡಮಾರುತ ಚೆನ್ನೈಗೆ ಬಡಿಯಿತು. ನಮ್ಮ ಕಡೆಯೂ ಮೋಡ. ಆಕಾಶ ತಿಳಿಯಾದ ಮೇಲೆ, ಮಂಕು ದಿನಗಳಿಂದ ಇಟ್ಟಿದ್ದ 5 ನಿಮಿಷದ ಎಕ್ಸ್‌ಪೋಶರನ್ನೇ ಮುಂದುವರಿಸಿದೆ. ಸಂಜೆ 7ರಿಂದ 9ರ ಒಳಗೆ ಮುಗಿಸಬೇಕು, ಆಮೇಲೆ ಅದು ಪಡುವಣಕ್ಕೆ ತೀರಾ ಇಳಿದುಬಿಡುತ್ತದೆ. ಸೆಟ್ಟಿಂಗ್ ಕೆದಕುವಷ್ಟು ತಾಳ್ಮೆ ಯಾರಿಗಿರುತ್ತೆ? ಮೂರು ರಾತ್ರಿ ಗ್ರಾಫ್ ಬಹುತೇಕ ಮಟ್ಟಸವಾಗಿ ಬಂತು. ತಾಳೆ ನಕ್ಷತ್ರ ಕದಲಿರಲಿಲ್ಲ. 'ಏರಿಕೆ ನಿಂತಿದೆ' ಅಂತ ಧೈರ್ಯವಾಗಿ ಬರೆದು ಕಳಿಸಿದೆ.

ಮರುದಿನ ನಮ್ಮ ಹಿರಿಯ ಸಹೋದ್ಯೋಗಿ ಫೋನ್ ಮಾಡಿದರು. "ಬೇರೆ ಕಡೆಯವರಿಗೆಲ್ಲ ಏರ್ತಾ ಇದೆ, ನಿನಗೊಬ್ಬನಿಗೆ ಹೆಂಗಪ್ಪಾ ನಿಂತುಹೋಯ್ತು? ಪೀಕ್ ಕೌಂಟ್ ನೋಡಿದ್ಯಾ?"

"ಇಲ್ಲಣ್ಣ."

ಪೀಕ್ ಕೌಂಟ್ ಅಂದರೆ ಚುಕ್ಕೆಯ ಅತಿ ಹೊಳೆಯುವ ಪಿಕ್ಸೆಲ್‌ನಲ್ಲಿ ಕ್ಯಾಮೆರಾ ಎಣಿಸಿದ ಅಂಕಿ. ನೋಡಿದರೆ 65,535. ನಮ್ಮ 16 ಬಿಟ್ ಕ್ಯಾಮೆರಾ ಅದಕ್ಕಿಂತ ಮೇಲೆ ಎಣಿಸುವುದಿಲ್ಲ. ಸೇರು ತುಂಬಿದ ಮೇಲೂ ರಾಗಿ ಸುರಿದರೆ ನೆಲಕ್ಕೆ ಚೆಲ್ಲುತ್ತದೆ, ಅಳತೆ ಒಂದೇ ಸೇರು. ಕೆಲವು ಕ್ಯಾಮೆರಾಗಳಲ್ಲಾದರೆ ಚುಕ್ಕೆಯಿಂದ ಬಿಳಿ ಗೆರೆ ಹರಿದು ಗುಟ್ಟು ಬಯಲಾಗುತ್ತದೆ. ನಮ್ಮದರಲ್ಲಿ ಹಾಗೆ ಹರಿಯದಂತೆ ತಡೆ ಇದೆ. ಚಿತ್ರ ಚೆಂದವಾಗಿಯೇ ಇತ್ತು.

ನನ್ನನ್ನು ಕೆಡಿಸಿದ್ದು ಆ ತಾಳೆ ನಕ್ಷತ್ರ. ಆಕಾಶ ಸರಿಯಿತ್ತು, ಹೋಲಿಕೆ ಸರಿಯಿತ್ತು ಅಂತ ಅದು ಹೇಳಿತು, ನಿಜವನ್ನೇ ಹೇಳಿತು. ಕ್ವೇಸಾರ್ ಬಿದ್ದ ಪಿಕ್ಸೆಲ್ ತುಂಬಿಹೋಗಿದೆಯಾ ಅನ್ನುವುದು ಅದಕ್ಕೆ ಹೇಗೆ ಗೊತ್ತಾಗಬೇಕು? ನಾನು ಕೇಳದ ಪ್ರಶ್ನೆಗೂ ಅದರ ಉತ್ತರವನ್ನೇ ಹಚ್ಚಿಕೊಂಡಿದ್ದೆ.

ಈಗ ಮೊದಲು 20 ಸೆಕೆಂಡಿನ ಒಂದು ಚಿತ್ರ ತೆಗೆದು, ಪೀಕ್ 40,000 ದಾಟದ ಹಾಗೆ ಸಮಯ ಹೊಂದಿಸುತ್ತೇನೆ. ಇದಕ್ಕೂ ಒಂದು ತೊಡಕಿದೆ: ಸಮಯ ಕಡಿಮೆಯಾದರೆ ಮಂಕಾದ ಹೋಲಿಕೆ ನಕ್ಷತ್ರದ ಅಳತೆ ಒರಟಾಗುತ್ತದೆ. ಅದಕ್ಕೆ ಚಿಕ್ಕ ಚಿಕ್ಕ ಚಿತ್ರ ಹತ್ತಾರು ತೆಗೆದು ಕೂಡಿಸಬೇಕು. ಕೆಲಸ ಜಾಸ್ತಿ, ಬೇರೆ ದಾರಿ ಇಲ್ಲ.

ಕಳೆದ ರಾತ್ರಿಗಳನ್ನು ಮತ್ತೆ ತೆಗೆಯಲಾಗುವುದಿಲ್ಲ ಅಲ್ವಾ. ಆ ಮೂರು ಅಳತೆಗಳ ಮುಂದೆ ಮೇಲ್ಮುಖದ ಬಾಣ ಹಾಕಿದೆವು: ಕ್ವೇಸಾರ್ ಇಷ್ಟಾದರೂ ಹೊಳೆಯುತ್ತಿತ್ತು, ಇನ್ನೆಷ್ಟು ಅಂತ ಹೇಳಲಾಗದು.