ಮೇಣದಬತ್ತಿ ಶಾಟ್, ಮೂರನೇ ವರದಿ: ಬೆಳಕು ಸಾಕಾಯಿತು, ಫೋಕಸ್ ನಿಲ್ಲುತ್ತಿಲ್ಲ

ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ 1975ರ ‘ಬ್ಯಾರಿ ಲಿಂಡನ್’ ಸಿನಿಮಾದಲ್ಲಿ ಬರೀ ಮೇಣದಬತ್ತಿ ಬೆಳಕಲ್ಲಿ ತೆಗೆದ ಇಸ್ಪೀಟು ಮೇಜಿನಂಥದೇ ಒಂದು ಶಾಟನ್ನು ಈಗಿನ ಮಿರರ್‌ಲೆಸ್ ಕ್ಯಾಮೆರಾದಲ್ಲಿ ತೆಗೆಯಬೇಕು. ಕರೆಂಟ್ ದೀಪ ಒಂದೂ ಇಲ್ಲ.

ಎಕ್ಸ್‌ಪೋಶರ್ (ಚಿತ್ರ ಮೂಡಲು ಬೇಕಾದಷ್ಟು ಬೆಳಕು) ಮುಗಿದ ಅಧ್ಯಾಯ. ಕುಬ್ರಿಕ್ ಕೈಯಲ್ಲಿದ್ದದ್ದು ನಾಸಾಗೆಂದು ಝೈಸ್ ಮಾಡಿದ್ದ 50 ಮಿ.ಮೀ. ಎಫ್/0.7 ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟು ಒಳಬರುವ ಬೆಳಕು ಹೆಚ್ಚು). ಛಾಯಾಗ್ರಾಹಕ ಜಾನ್ ಆಲ್ಕಾಟ್ 100 ಎಎಸ್‌ಎ (ಬೆಳಕಿಗೆ ಫಿಲ್ಮಿನ ಸೂಕ್ಷ್ಮತೆ) ಫಿಲ್ಮನ್ನು ಸಂಸ್ಕರಣೆಯಲ್ಲಿ ಒಂದು ಸ್ಟಾಪ್ (ಒಂದು ಸ್ಟಾಪ್ ಅಂದರೆ ದುಪ್ಪಟ್ಟು ಅಥವಾ ಅರ್ಧ) ತಳ್ಳಿ 200ಕ್ಕೆ ತಂದಿದ್ದರು. ಅಂಗಡಿಯಲ್ಲಿ ಸಿಗುವ 50 ಮಿ.ಮೀ. ಎಫ್/1.4 ಅದಕ್ಕಿಂತ ಎರಡು ಸ್ಟಾಪ್ ಕಡಿಮೆ, ಐಎಸ್‌ಒ (ಎಎಸ್‌ಎಯ ಈಗಿನ ಹೆಸರು) 800 ಇಟ್ಟರೆ ಲೆಕ್ಕ ಸರಿಹೋಯಿತು. ಶಟರ್ 1/50 ಸೆಕೆಂಡಿಗೆ ಮುಖದ ಮೇಲೆ ಸುಮಾರು 30 ಲಕ್ಸ್ (ಬೀಳುವ ಬೆಳಕಿನ ಅಳತೆ) ಬೇಕು. ಒಂದು ಬತ್ತಿ 1 ಮೀಟರ್ ದೂರಕ್ಕೆ ಕೊಡುವುದು ಹೆಚ್ಚುಕಡಿಮೆ 1 ಲಕ್ಸ್. ಅಂದರೆ ಅಲ್ಲಿ 30 ಬತ್ತಿ ಬೇಕು, 60 ಸೆಂ.ಮೀ.ಗೆ ತಂದರೆ 11 ಸಾಕು. ಬತ್ತಿ ಹೆಚ್ಚಿಸುವ ಮೊದಲು ಹತ್ತಿರ ತನ್ನಿ.

ಹತ್ತಿರ ಹತ್ತಿರ ನಿಲ್ಲಿಸಿದರೆ ಬೇರೆ ತಾಪತ್ರಯ: ಒಂದರ ಶಾಖಕ್ಕೆ ಇನ್ನೊಂದು ಬಾಗಿ ಮೇಣ ಸುರಿಯುತ್ತದೆ, ಜ್ವಾಲೆಗಳು ಸೇರಿ ಉದ್ದವಾಗಿ ಮಸಿ ಬಿಡುತ್ತವೆ. 5 ಸೆಂ.ಮೀ. ಅಂತರ ಇಟ್ಟ ಮೇಲೆ ನಿಂತಿತು. ಫ್ಯಾನ್ ಆಫ್, ಮೇಲೆ ಅಲ್ಯುಮಿನಿಯಂ ಶೀಟು (ಕುಬ್ರಿಕ್ ಸೆಟ್ಟಿನಲ್ಲೂ ಛಾವಣಿ ಸುಡದಂತೆ, ಬೆಳಕು ಕೆಳಗೆ ಬರುವಂತೆ ಪ್ರತಿಫಲಕ ಕಟ್ಟಿದ್ದರು). ಥರ್ಮಾಕೋಲ್ ಬೇಡವೇ ಬೇಡ. ಮರಳಿನ ಬಕೆಟ್ ಪಕ್ಕದಲ್ಲೇ ಇರಲಿ.

ಬಣ್ಣ: ಜ್ವಾಲೆ ಸುಮಾರು 1900 ಕೆಲ್ವಿನ್ (ಸಂಖ್ಯೆ ಇಳಿದಷ್ಟು ಬೆಳಕು ಕೆಂಪು), ನಮ್ಮ ಕ್ಯಾಮೆರಾದ ಬಣ್ಣದ ಸೆಟ್ಟಿಂಗ್ 2500ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಇಳಿಸುವ ಹಟವೂ ಬೇಡ. ನೀಲಿ ಚಾನೆಲ್‌ಗೆ ಬೆಳಕೇ ಇಲ್ಲ, ಎಳೆದರೆ ಬರೀ ನಾಯ್ಸ್.

ಸಿಕ್ಕಿಹಾಕಿಕೊಂಡಿರುವುದು ಫೋಕಸ್‌ನಲ್ಲಿ. 1.5 ಮೀಟರ್‌ನಲ್ಲಿ ಆ ಎಫ್/0.7 ಲೆನ್ಸಿಗೆ ಸ್ಪಷ್ಟವಾಗಿ ಕಾಣುವ ಆಳ 3 ಸೆಂ.ಮೀ. ಆಸುಪಾಸು. ನಮ್ಮ ಫುಲ್‌ಫ್ರೇಮ್ ಎಫ್/1.4ಕ್ಕೆ 7 ಸೆಂ.ಮೀ. ಇಸ್ಪೀಟು ಎತ್ತಲು ಬಾಗಿದರೆ ಸಾಕು, ಕಣ್ಣು ಮಸುಕು. ಆಟೋಫೋಕಸ್ ಮುಂದಿನ ಜ್ವಾಲೆಗೆ ಹಾರುತ್ತದೆ. ಕುಬ್ರಿಕ್ ತಂಡ ಪಕ್ಕದಿಂದ 90 ಡಿಗ್ರಿಗೆ ವಿಡಿಯೋ ಕ್ಯಾಮೆರಾ ಇಟ್ಟು, ನಟರು ಹಿಂದೆಮುಂದೆ ಸರಿಯುವುದನ್ನು ಮಾನಿಟರಲ್ಲಿ ನೋಡುತ್ತಾ ಫೋಕಸ್ ತಿರುಗಿಸುತ್ತಿತ್ತು. ಅದನ್ನೇ ಫೋನಿನಲ್ಲಿ ಕಟ್ಟಿದ್ದೇವೆ: ಪರದೆಗೆ 2 ಸೆಂ.ಮೀ.ಗೊಂದು ಗೆರೆಯ ಪಾರದರ್ಶಕ ಹಾಳೆ, ಫೋಕಸ್ ರಿಂಗಿಗೆ ಅದೇ ಸಂಖ್ಯೆಗಳ ಟೇಪು. ಸಮಸ್ಯೆ ಏನೆಂದರೆ ಫೋನಿನ ಚಿತ್ರವನ್ನು ವೈಫೈ ಮೂಲಕ ನೋಡಿದಾಗ ಅದು ತಡವಾಗಿ ಬರುತ್ತದೆ. ಕೈ ತಿರುಗುವಷ್ಟರಲ್ಲಿ ತಲೆ ವಾಪಸ್ ಹೋಗಿರುತ್ತದೆ. ನೇರ ಕೇಬಲ್ಲೇ ಗತಿ.

ಲೆನ್ಸಿನ ಕತೆ ಹೇಳುವವರು ಅದನ್ನು ಕೂರಿಸಿದ ಮಿಚೆಲ್ ಸಿನಿಮಾ ಕ್ಯಾಮೆರಾವನ್ನು ಮರೆಯುತ್ತಾರೆ. ಲೆನ್ಸಿನ ಹಿಂಭಾಗ ಫಿಲ್ಮಿಗೆ ಅಷ್ಟು ಹತ್ತಿರ ಕೂರಬೇಕಿದ್ದರಿಂದ ಕ್ಯಾಮೆರಾ ತಂತ್ರಜ್ಞ ಎಡ್ ಡಿಜೂಲಿಯೊ ಕ್ಯಾಮೆರಾದ ಒಳಗನ್ನೇ ಕೊರೆದರು. ಆಮೇಲೆ ಅದಕ್ಕೆ ಬೇರೆ ಲೆನ್ಸ್ ಕೂರುವಂತಿರಲಿಲ್ಲ. ಒಂದು ಕ್ಯಾಮೆರಾವನ್ನು ಹೀಗೆ ಬಲಿ ಕೊಡುವ ಧೈರ್ಯ ಕುಬ್ರಿಕ್‌ಗೆ ಸುಮ್ಮನೆ ಬಂದದ್ದಲ್ಲ: ಹದಿಹರೆಯದಲ್ಲೇ ‘ಲುಕ್’ ಪತ್ರಿಕೆಯ ಫೋಟೋಗ್ರಾಫರ್, 1953ರ ಮೊದಲ ಕಥಾಚಿತ್ರಕ್ಕೆ ತಾನೇ ಛಾಯಾಗ್ರಾಹಕ.

ಮುಂದಿನ ವಾರ: ಕೇಬಲ್, ಮತ್ತು ಬೆನ್ನು ನೆಟ್ಟಗೆ ಒರಗುವ ಕುರ್ಚಿ. ಪ್ರತಿ ಟೇಕಿಗೆ ಹೊಸ ಬತ್ತಿ, ಇಲ್ಲದಿದ್ದರೆ ಎತ್ತರ ಹೊಂದುವುದಿಲ್ಲ.