ಅಹಮದಾಬಾದ್: ಗಾಳಿಪಟದ ಹಬ್ಬಕ್ಕೆ ಹೋಗಿ, ಆದರೆ ಅವತ್ತು ಗೈಡ್ ಹಿಡಿಯಬೇಡಿ

ಸಂಕ್ರಾಂತಿಯ ಸಾಲು ರಜೆಗೆ ಅಹಮದಾಬಾದಿಗೆ ಹೊರಡುವವರಿಗೆ ಮೊದಲೇ ಹೇಳಿಬಿಡ್ತೀನಿ. ‘ಹಳೇ ಊರಿನ ನಡಿಗೆ, ತಾರಸಿಯಲ್ಲಿ ಗಾಳಿಪಟ, ಮನೆ ಊಟ’ ಮೂರೂ ಸೇರಿದ ಪ್ಯಾಕೇಜ್ ಕಣ್ಣಿಗೆ ಬಿದ್ದರೆ ಬಿಟ್ಟುಬಿಡಿ. ನಾವು ಜನವರಿ 14ಕ್ಕೆ ತಲೆಗೆ 2,800 ರೂಪಾಯಿ ಕಟ್ಟಿ ಹೋದೆವು. ನಾನು ಜಾತ್ರೆ ಅಂದರೆ ಮೈಲಿ ದೂರ ಓಡುವವಳು, ಅದನ್ನು ಲೆಕ್ಕಕ್ಕೆ ಹಿಡಿದೇ ಮುಂದೆ ಓದಿ.

ಹದಿನೈದು ಜನಕ್ಕಿಂತ ಹೆಚ್ಚಿರಲ್ಲ ಅಂದಿದ್ದರು. ಬೆಳಗ್ಗೆ ಹೋಗಿ ನೋಡಿದರೆ ನಲವತ್ತಕ್ಕೂ ಮೇಲೆ. ಅಲ್ಲಿನ ಪೋಳ್‌ಗಳು, ಅಂದರೆ ಒಂದೇ ಹೆಬ್ಬಾಗಿಲಿನ ಹಿಂದೆ ಒತ್ತೊತ್ತಾಗಿ ಮನೆಗಳಿರುವ ಕೇರಿಗಳು, ಎಷ್ಟೋ ಕಡೆ ಇಬ್ಬರು ಜೊತೆಯಲ್ಲಿ ನಡೆಯುವಷ್ಟೂ ಅಗಲವಿಲ್ಲ. ಗೈಡ್ ಮುಂದೆ ನಿಂತು ಮಾತು ಮುಗಿಸಿ ಹೊರಟ ಮೇಲೆ ನಾವು ಆ ಜಾಗಕ್ಕೆ ತಲುಪುತ್ತಿದ್ದೆವು. ತಲುಪಿದ್ದರೂ ಏನೂ ಕೇಳಿಸುತ್ತಿರಲಿಲ್ಲ ಬಿಡಿ. ಪ್ರತಿ ತಾರಸಿಯ ಮೇಲೂ ಸ್ಪೀಕರ್, ಒಂದೊಂದು ಪಟ ಕಡಿದಾಗಲೂ ‘ಕಾಪ್ಯೋ ಛೇ!’ (ಕಡಿದೆ!) ಅಂತ ಇಡೀ ಕೇರಿಯೇ ಕಿರುಚುತ್ತೆ. ಆ ಗದ್ದಲ ಅವರ ಹಬ್ಬ, ಅದರ ಮೇಲೆ ನನ್ನ ತಕರಾರಿಲ್ಲ. ತಕರಾರಿರುವುದು ಮರಗೆತ್ತನೆಗೆ ಹೆಸರಾದ ಹರಕುಂವರ್ ಶೇಠಾಣಿ ಹವೇಲಿಯ ಮುಂದೆ ಎರಡು ನಿಮಿಷವೂ ನಿಲ್ಲಿಸದ ಗೈಡ್, ಬಾಂಧಣಿ ಸೀರೆಯ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕೂರಿಸಿದ್ದಕ್ಕೆ. ಕೊನೆಗೆ ಹತ್ತಿಸಿದ ತಾರಸಿಯಲ್ಲಿ ನಮಗಿಂತ ಮೊದಲೇ ಇನ್ನೆರಡು ಗುಂಪುಗಳಿದ್ದವು. ಗಾಳಿಪಟ ಪ್ಯಾಕೇಜಿನಲ್ಲಿ ಸೇರಿದೆಯಂತೆ, ದಾರ ಸೇರಿಲ್ಲವಂತೆ! ಫಿರ್ಕಿಗೆ, ಅಂದರೆ ದಾರ ಸುತ್ತಿದ ಉರುಳೆಗೆ, ಬೇರೆ ದುಡ್ಡು ಬಿಚ್ಚಬೇಕಾಯಿತು. ಮನೆ ಊಟ ಬಂದದ್ದು ಥರ್ಮಾಕೋಲ್ ಡಬ್ಬದಲ್ಲಿ.

ಇದೇ ದಾರಿಯನ್ನು ಹಿಂದಿನ ದಿನ ಬೆಳಗ್ಗೆ ಮುನ್ಸಿಪಾಲಿಟಿಯವರ ಹೆರಿಟೇಜ್ ವಾಕ್‌ನಲ್ಲಿ ನೋಡಿದ್ದೆವು, ಹಾಗಾಗಿಯೇ ಹೊಟ್ಟೆ ಹೆಚ್ಚು ಉರಿಯಿತು. 1997ರಿಂದ ನಡೆದುಬಂದಿರುವ ನಡಿಗೆ ಅದು. ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು ಜಾಮಾ ಮಸೀದಿಯಲ್ಲಿ ಮುಗಿಯುತ್ತೆ, ಸುಮಾರು ಎರಡೂವರೆ ಗಂಟೆ. ಕೊಡುವ ದುಡ್ಡು ಆ ಪ್ಯಾಕೇಜಿನ ಮುಂದೆ ಏನೇನೂ ಅಲ್ಲ. ಅವತ್ತು ನಾವು ಹನ್ನೊಂದು ಜನ. ಗೈಡ್ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಹೇಳಿದರು, ಕೇಳಿದ್ದಕ್ಕೆಲ್ಲ ನಿಂತು ಉತ್ತರ ಕೊಟ್ಟರು. ಕವಿ ದಲಪತ್‌ರಾಮ್ ಅವರ ಮನೆಯಿದ್ದ ಜಾಗದಲ್ಲಿ ಜಗಲಿಯ ಮೇಲೆ ಅವರದೇ ಪ್ರತಿಮೆ ಕೂತಿದೆ, ಪಕ್ಕದಲ್ಲಿ ನಾವೂ ಕೂರಬಹುದು. ಹಾಜಾ ಪಟೇಲ್ ಪೋಳ್‌ನಲ್ಲಿ ಕರಿಕಲ್ಲಿನ ರಾಮ, ನಿಂತ ಭಂಗಿಯಲ್ಲ, ಕೂತಿದ್ದಾನೆ. ಮನೆಯ ಬಾಗಿಲು ಅಂದುಕೊಂಡದ್ದನ್ನು ಗೈಡ್ ತಳ್ಳಿದರೆ ಒಳಗೆ ಓಣಿ, ಓಣಿ ದಾಟಿದರೆ ಇನ್ನೊಂದು ಪೋಳ್. ಗಲಭೆಯಾದಾಗ ತಪ್ಪಿಸಿಕೊಳ್ಳಲು ಇಟ್ಟುಕೊಂಡಿದ್ದ ದಾರಿಯಂತೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಟಾಂಕಾ. ಹಳೇ ಮನೆಗಳ ನಡು ಅಂಗಳದ ಅಡಿಯಲ್ಲಿ ಮಳೆನೀರಿನ ತೊಟ್ಟಿ. ತಾರಸಿಯ ನೀರು ಕೊಳವೆಯಲ್ಲಿ ಇಳಿದು ಅಲ್ಲಿ ತುಂಬುತ್ತೆ, ಬಿಸಿಲು ಬೀಳದ ಕಾರಣ ಪಾಚಿ ಕಟ್ಟಲ್ಲ, ವರ್ಷವಿಡೀ ಕುಡಿಯಲು ಇದೇ ನೀರು ಬಳಸುತ್ತಿದ್ದರಂತೆ. ಒಬ್ಬ ಯಜಮಾನರು ಮುಚ್ಚಳ ಸರಿಸಿ ಟಾರ್ಚ್ ಬಿಟ್ಟು ತೋರಿಸಿದರು, ಒಳಗೆ ಒಂದು ಕೋಣೆಯಷ್ಟು ಜಾಗ. ಟ್ಯಾಂಕರಿಗೆ ಫೋನ್ ಮಾಡಿ ಕಾಯುವ ಬೆಂಗಳೂರಿನವರು ನೋಡಲೇಬೇಕಾದದ್ದು. ಹಬ್ಬದ ದಿನ ಇದ್ಯಾವುದೂ ಸಿಗಲ್ಲ, ಮನೆಮಂದಿಯೆಲ್ಲ ತಾರಸಿ ಮೇಲಿರುತ್ತಾರೆ.

ತಿನ್ನುವ ವಿಷಯ. ಮಾಣೆಕ್ ಚೌಕ್ ರಾತ್ರಿ ಬಜಾರ್ ಬಗ್ಗೆ ಎಲ್ಲರೂ ಹೊಗಳುತ್ತಾರೆ. ಹಗಲು ಚಿನಿವಾರರ ಪೇಟೆ, ರಾತ್ರಿ ತಿಂಡಿ ಬೀದಿ, ನೋಡಲು ಚೆಂದವೇ. ಆದರೆ ಅನಾನಸ್ ಸ್ಯಾಂಡ್‌ವಿಚ್ ಮೇಲೆ ಚಾಕಲೇಟು, ಅದರ ಮೇಲೆ ಬೆಟ್ಟದಷ್ಟು ಚೀಸ್ ತುರಿ! ರಜೆಯ ರಾತ್ರಿಯಂತೂ ಕುರ್ಚಿಗಾಗಿ ಜಗಳ. ಒಂದು ಸುತ್ತು ಹೊಡೆದು ಬನ್ನಿ ಸಾಕು.

ಅದೇ ಚೌಕಿಗೆ ಹೋಗುವ ಗಲ್ಲಿಯೊಂದರಲ್ಲಿ ಸಂಜೆ ಹೊತ್ತು ಒಬ್ಬ ಅಜ್ಜಿ ತಳ್ಳುಗಾಡಿಯಲ್ಲಿ ಖೀಚು ಮಾರುತ್ತಿದ್ದರು, ಪ್ಲೇಟಿಗೆ 40 ರೂಪಾಯಿ. ಅಕ್ಕಿ ಸಂಡಿಗೆ ಇಡುವ ದಿನ ಅಮ್ಮನ ಕಣ್ಣು ತಪ್ಪಿಸಿ ಬಿಸಿ ಹಿಟ್ಟು ಬಾಚಿ ತಿಂದಿದ್ದೀರಲ್ಲ, ಥೇಟ್ ಅದೇ. ಜೀರಿಗೆ, ಹಸಿಮೆಣಸಿನಕಾಯಿ ಹಾಕಿ ಕುದಿಸಿದ ನೀರಿಗೆ ಅಕ್ಕಿ ಹಿಟ್ಟು ಸುರಿದು, ಗಂಟಾಗದ ಹಾಗೆ ಕೋಲಿನಿಂದ ತಿರುವಿ ಬೇಯಿಸುತ್ತಾರೆ. ದೊನ್ನೆಗೆ ಬಡಿಸಿ, ನಡುವೆ ಬೆರಳಲ್ಲಿ ಗುಳಿ ಮಾಡಿ, ಹಸಿ ಕಡಲೆಕಾಯಿ ಎಣ್ಣೆ ಹೊಯ್ದು, ಮೇಲೆ ಉಪ್ಪಿನಕಾಯಿ ಮಸಾಲೆ ಉದುರಿಸುತ್ತಾರೆ. ಎಣ್ಣೆಗೆ ಜಿಪುಣತನವಿಲ್ಲ. ನಮ್ಮವರು ಮೂರು ಪ್ಲೇಟ್ ಮುಗಿಸಿ, ರಾತ್ರಿಯ ಥಾಲಿ ಬೇಡ ಅಂದರು. ಅಜ್ಜಿಗೆ ನಾವು ಹಿಟ್ಟನ್ನು ಒಣಗಿಸುವ ಮೊದಲೇ ತಿನ್ನುವ ಜನ ಅಂತ ಗೊತ್ತಾಗಿ, ಎರಡನೇ ದಿನ ಕೇಳದೆಯೇ ತಳ ಹಿಡಿದ ಗಟ್ಟಿ ಚೂರು ಕೊಟ್ಟರು. ಸಕ್ಕರೆ ಹಾಕಿದ ದಾಲ್ ತಿಂದು ನಾಲಿಗೆ ಸೋತವರಿಗೆ ಇದೇ ಮದ್ದು. ಹಬ್ಬದ ದಿನದ ಊಂಧಿಯು, ಅಂದರೆ ಹಲವು ತರಕಾರಿಗಳ ಮಸಾಲೆ ಪಲ್ಯ, ಮಾತ್ರ ಬಿಡಬೇಡಿ. ಅಂಗಡಿಗಳಲ್ಲಿ ಕಿಲೋ ಲೆಕ್ಕದಲ್ಲಿ ಜಿಲೇಬಿ ಜೊತೆ ಸಿಗುತ್ತೆ, ಬೇಗ ಹೋಗಿ ಸಾಲಿನಲ್ಲಿ ನಿಲ್ಲಬೇಕು.

ಗಾಳಿಪಟ ಹಾರಿಸಲೇಬೇಕು ಅಂದರೆ ಎರಡು ದಿನ ಮೊದಲೇ ಪೋಳ್‌ಗಳಲ್ಲಿ ವಿಚಾರಿಸಿ. ಕೆಲವು ಮನೆಯವರು ತಾರಸಿಯನ್ನು ಬಾಡಿಗೆಗೆ ಕೊಡುತ್ತಾರೆ. ಮೆಟ್ಟಿಲು ಹತ್ತಿ ನೋಡಿ, ಬೇರೆ ಎಷ್ಟು ಜನಕ್ಕೆ ಕೊಟ್ಟಿದ್ದಾರೆ ಅಂತ ಕೇಳಿ, ಊಟ, ದಾರ, ಶೌಚಾಲಯ ಎಲ್ಲ ಮಾತಾಡಿಕೊಂಡೇ ಮುಂಗಡ ಕೊಡಿ. ಹಿಂದಿನ ವಾರದಲ್ಲಿ ಹೋದರೆ ರಸ್ತೆ ಬದಿಯಲ್ಲಿ ದಾರಕ್ಕೆ ಮಾಂಜಾ ಬಳಿಯುವುದನ್ನೂ ನೋಡಬಹುದು. ಕಂಬದಿಂದ ಕಂಬಕ್ಕೆ ದಾರ ಎಳೆದು, ಗಾಜಿನ ಪುಡಿ ಕಲಸಿದ ಗುಲಾಬಿ ಸರಿಯನ್ನು ಕೈಯಲ್ಲಿ ಸವರುತ್ತಾ ನಡೆಯುತ್ತಾರೆ, ಬೆರಳಿಗೆಲ್ಲ ಪಟ್ಟಿ. ಮುಟ್ಟಿ ನೋಡಲು ಹೋಗಬೇಡಿ.

ಆ ದಾರ ರಸ್ತೆಗೂ ಅಡ್ಡ ಬೀಳುತ್ತೆ. ಅಲ್ಲಿನವರು ಸ್ಕೂಟರಿನ ಮುಂದೆ ಕಂಬಿ ಬಗ್ಗಿಸಿ ಹಾಕಿಕೊಳ್ಳುವುದು ಇದಕ್ಕೇ. 14, 15ರಂದು ಬೈಕ್ ಟ್ಯಾಕ್ಸಿ ಬೇಡವೇ ಬೇಡ, ಮಕ್ಕಳನ್ನು ಸ್ಕೂಟರಿನ ಮುಂದೆ ನಿಲ್ಲಿಸಲೂ ಬೇಡಿ. ಆಟೋದವರು ಬಾಯಿಗೆ ಬಂದ ರೇಟು ಕೇಳುತ್ತಾರೆ, ಮೆಟ್ರೋ ಹಿಡಿದು ಕಾಲೂಪುರ ಅಥವಾ ಘೀಕಾಂಟಾದಲ್ಲಿ ಇಳಿದರೆ ಹಳೇ ಊರು ಅಲ್ಲೇ. ಸಿದಿ ಸಯ್ಯದ್ ಮಸೀದಿಯ ಕಲ್ಲಿನ ಜಾಲಿ ಕಿಟಕಿ ಮುನ್ಸಿಪಾಲಿಟಿಯವರ ನಡಿಗೆಯಲ್ಲಿ ಬರುವುದಿಲ್ಲ, ಸಂಜೆ ಬಿಸಿಲಿರುವಾಗ ನೀವೇ ಹೋಗಿ, ಅದಕ್ಕೆ ಗೈಡ್ ಬೇಕಿಲ್ಲ.