ತಿಥಿ ಊಟದ ಮೇಲೊಂದು ಬಾಕ್ಸಿಂಗ್

ಅಜ್ಜಿಯ ತಿಥಿ ಊಟ ಮುಗಿದಾಗ ಮೂರು ಗಂಟೆ ದಾಟಿತ್ತು. ವಡೆ, ಪಾಯಸ ಹೊಡೆದವರೆಲ್ಲ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಬಿದ್ದಿದ್ದರು. ದೊಡ್ಡಪ್ಪ ಮಾತ್ರ ಕಂಬಕ್ಕೆ ಒರಗಿ, ಎಲೆಗೆ ಸುಣ್ಣ ಸವರುತ್ತಾ, "ಏನೋ, ಹೆಂಗಿದ್ದಾನೆ ನಿನ್ನ ಟೈಸನ್ನು?" ಅಂದರು. ಕೆಲಸ, ಮನೆ, ಮಕ್ಕಳು ಯಾವುದನ್ನೂ ಕೇಳಲಿಲ್ಲ. ನಮ್ಮಿಬ್ಬರ ಕುಶಲ ವಿಚಾರಣೆ ಶುರುವಾಗುವುದೇ ಹೀಗೆ.

ಇದು ಇಪ್ಪತ್ತು ವರ್ಷದ ಜಗಳ. 1974ರ ಜಾರ್ಜ್ ಫೋರ್‌ಮನ್‌ಗೆ 1988ರ ಮೈಕ್ ಟೈಸನ್ ರಿಂಗಿನಲ್ಲಿ ಸಿಕ್ಕಿದ್ದರೆ ಗೆಲ್ಲುತ್ತಿದ್ದವರು ಯಾರು? ಇಬ್ಬರೂ ಅವರವರ ಕಾಲದ ಹೆವಿವೇಟ್ (ಅತಿ ಭಾರದ ವರ್ಗ) ಬಾಕ್ಸಿಂಗ್ ಚಾಂಪಿಯನ್ನರು. ದೊಡ್ಡಪ್ಪ ಫೋರ್‌ಮನ್ ಕಡೆ, ನಾನು ಟೈಸನ್ ಕಡೆ. ಇಸವಿ ಹೇಳದೆ ಈ ಆಟ ಆಡೋಕಾಗಲ್ಲ. ಫೋರ್‌ಮನ್ 1977ರಲ್ಲಿ ಬಾಕ್ಸಿಂಗ್ ಬಿಟ್ಟು ಪಾದ್ರಿಯಾದ. ಹತ್ತು ವರ್ಷ ಬಿಟ್ಟು ವಾಪಸು ಬಂದು, 1994ರಲ್ಲಿ, 45ನೇ ವಯಸ್ಸಿನಲ್ಲಿ ಮತ್ತೆ ಚಾಂಪಿಯನ್ ಆದ. ಇತ್ತ ಟೈಸನ್ 1990ರಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಕೈಯಲ್ಲಿ ಬಿದ್ದ. ದೊಡ್ಡಪ್ಪ ವಾದದಲ್ಲಿ ಸೋಲುವ ಹಾಗೆ ಕಂಡರೆ ಸಾಕು, ಟೋಕಿಯೋ ಎಳೆದು ತರುತ್ತಾರೆ. ಅದಕ್ಕೇ ಇಸವಿ ಗಟ್ಟಿ ಮಾಡಿಕೊಂಡಿದ್ದೇವೆ.

1974ರಲ್ಲಿ ದೊಡ್ಡಪ್ಪ ಮೈಸೂರಿನಲ್ಲಿ ಓದುತ್ತಿದ್ದರು. ಮೊಹಮ್ಮದ್ ಅಲಿ–ಫೋರ್‌ಮನ್ ಪಂದ್ಯ ನಡೆದದ್ದು ಆಫ್ರಿಕಾದ ಕಿನ್ಶಾಸಾದಲ್ಲಿ, ಅಕ್ಟೋಬರ್ 30ರಂದು. ಅಮೆರಿಕದವರು ನೋಡೋಕೆ ಅನುಕೂಲ ಆಗಲಿ ಅಂತ ಅಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಶುರು ಮಾಡಿದ್ದರು. ನಮ್ಮಲ್ಲಿ ಎಂಟೂವರೆ, ಹಾಸ್ಟೆಲಿನಲ್ಲಿ ಉಪ್ಪಿಟ್ಟಿನ ಹೊತ್ತು. ಎಂಟನೇ ರೌಂಡಿನಲ್ಲಿ ಫೋರ್‌ಮನ್ ಬಿದ್ದದ್ದು ಇವರಿಗೆ ಗೊತ್ತಾಗಿದ್ದು ರೇಡಿಯೋ ವಾರ್ತೆಯಲ್ಲಿ. ನೋಡಿದ್ದು ಮಾರನೇ ದಿನದ ಪೇಪರಿನ ಒಂದೇ ಒಂದು ಚಿತ್ರ. ಹಾಸ್ಟೆಲಿಗೆ ಹಾಸ್ಟೆಲೇ ಅಲಿ ಅಲಿ ಅಂತ ಕುಣಿಯುತ್ತಿದ್ದರೆ ಇವರು ಸೋತವನ ಕಡೆ ನಿಂತರು. "ಅಲ್ಲೀವರೆಗೂ 40 ಪಂದ್ಯ, 40 ಗೆಲುವು. ಅದರಲ್ಲಿ 37 ನಾಕೌಟ್ ಕಣೋ" ಅಂತ ಇವತ್ತಿಗೂ ಮಗ್ಗಿ ಹೇಳಿದ ಹಾಗೆ ಹೇಳುತ್ತಾರೆ.

ನನ್ನ ಟೈಸನ್ ಹುಚ್ಚು ವಿಸಿಆರ್ ಕಾಲದ್ದು. ಹೈಸ್ಕೂಲಿನಲ್ಲಿದ್ದಾಗ ಐದು ಜನ ದುಡ್ಡು ಹಾಕಿ, ರಾತ್ರಿಯಿಡೀ ಇಟ್ಟುಕೊಳ್ಳೋಕೆ ವಿಸಿಆರ್ ಬಾಡಿಗೆಗೆ ತಂದಿದ್ದೆವು. ಮೈಕೆಲ್ ಸ್ಪಿಂಕ್ಸ್ ಅನ್ನೋ ಬಾಕ್ಸರ್ ಜೊತೆ ಟೈಸನ್ ಆಡಿದ ಪಂದ್ಯದ ಕ್ಯಾಸೆಟ್. ಪಂದ್ಯ 91 ಸೆಕೆಂಡಿಗೆ ಮುಗಿದುಹೋಯಿತು. ಬಾಡಿಗೆ ದಂಡ ಆಗಬಾರದು ಅಂತ ಬೆಳಗಿನವರೆಗೂ ಅದನ್ನೇ ಹಿಂದೆ ಮುಂದೆ ಓಡಿಸಿ ನೋಡಿದೆವು.

ಈ ಸಲ ನಾನು ಹೊಸ ಲೆಕ್ಕ ತಯಾರು ಮಾಡಿಕೊಂಡು ಬಂದಿದ್ದೆ. "ನೋಡಿ ದೊಡ್ಡಪ್ಪ, ಫೋರ್‌ಮನ್‌ನ ಅಲಿ ಸೋಲಿಸಿದ. ಅಲಿನ 1981ರಲ್ಲಿ ಟ್ರೆವರ್ ಬರ್ಬಿಕ್ ಸೋಲಿಸಿದ. ಆ ಬರ್ಬಿಕ್‌ನ 1986ರಲ್ಲಿ ಟೈಸನ್ ಎರಡೇ ರೌಂಡಿಗೆ ಮಲಗಿಸಿದ. ಆಗ ಟೈಸನ್‌ಗೆ ಬರೀ 20 ವರ್ಷ. ಮುಗೀತಲ್ಲ?"

"ಬರ್ಬಿಕ್ ಹೊಡೆದಾಗ ಅಲಿಗೆ ನಲವತ್ತಕ್ಕೆ ಒಂದು ತಿಂಗಳು ಬಾಕಿ. ಅವನ ಕೊನೇ ಪಂದ್ಯ ಅದು. ಅದನ್ನೂ ಲೆಕ್ಕಕ್ಕೆ ತಗೋತೀಯಾ?" ಎಲೆ ಮಡಚಿ ಬಾಯಿಗಿಟ್ಟುಕೊಂಡರು. "ಸರಿ, ನಿನ್ನ ಲೆಕ್ಕಾನೇ ಮಾಡೋಣ. ಕೆನ್ ನಾರ್ಟನ್ 1973ರಲ್ಲಿ ಅಲಿಯ ದವಡೆ ಮುರಿದು ಗೆದ್ದ. ಅಲಿ ಫೋರ್‌ಮನ್‌ನ ಗೆದ್ದ. ಹಂಗಾದ್ರೆ ನಾರ್ಟನ್ ಫೋರ್‌ಮನ್‌ನ ಗೆಲ್ಲಬೇಕಿತ್ತು ಅಲ್ವಾ? ಎರಡನೇ ರೌಂಡಿಗೇ ಮಣ್ಣು ಮುಕ್ಕಿದ!"

ನನ್ನ ಲೆಕ್ಕ ಅಲ್ಲಿಗೆ ಢಮಾರ್. ಆ ಕಾಲದ ಹೆವಿವೇಟ್‌ಗಳಲ್ಲಿ ಇದೇ ತಮಾಷೆ. ಜೋ ಫ್ರೇಜಿಯರ್ ಅನ್ನೋ ಚಾಂಪಿಯನ್ ಅಲಿಯನ್ನು ಕೆಡವಿದ್ದ. ಆ ಫ್ರೇಜಿಯರ್‌ನನ್ನು ಫೋರ್‌ಮನ್ ಎರಡೇ ರೌಂಡಿನಲ್ಲಿ ಆರು ಸಲ ಕೆಡವಿದ. ಆ ಫೋರ್‌ಮನ್‌ನನ್ನು ಅಲಿ ಕೆಡವಿದ.

ಅಕ್ಕನ ಮಗ ಎಂಜಿನಿಯರಿಂಗ್ ಓದುವವನು. ಮೊಬೈಲಿನಿಂದ ತಲೆ ಎತ್ತದೆ, "ಮಾಮ, ಕಂಪ್ಯೂಟರ್‌ಗೆ ಕೊಟ್ರೆ ಒಂದು ನಿಮಿಷದಲ್ಲಿ ಹೇಳುತ್ತೆ" ಅಂದ. ನಾನು, ದೊಡ್ಡಪ್ಪ ಇಬ್ಬರೂ ನಕ್ಕೆವು. ಆ ಕೆಲಸ ಅಮೆರಿಕದವರು 1969ರಲ್ಲೇ ಮಾಡಿದ್ದರು. ಒಂದು ಪಂದ್ಯವನ್ನೂ ಸೋಲದೆ ನಿವೃತ್ತನಾಗಿದ್ದ ರಾಕಿ ಮಾರ್ಸಿಯಾನೋ, ಆಡೋಕೆ ನಿಷೇಧ ಇದ್ದ ಅಲಿ, ಇಬ್ಬರನ್ನೂ ಸ್ಟುಡಿಯೋಗೆ ಕರೆದು ಹುಸಿ ಪಂದ್ಯದ ಶೂಟಿಂಗ್ ಮಾಡಿಸಿದರು. 45 ದಾಟಿದ್ದ ಮಾರ್ಸಿಯಾನೋ ತೂಕ ಇಳಿಸಿ, ತಲೆಗೆ ವಿಗ್ ಹಾಕಿಕೊಂಡು ಬಂದಿದ್ದ. ಹಲವು ಥರದ ಕೊನೆ ತೆಗೆದಿಟ್ಟುಕೊಂಡು, ಕಂಪ್ಯೂಟರ್ ತೀರ್ಪು ಅಂತ 1970ರ ಜನವರಿಯಲ್ಲಿ ಥಿಯೇಟರ್‌ಗಳಲ್ಲಿ ತೋರಿಸಿದರು. ಅಮೆರಿಕದಲ್ಲಿ 13ನೇ ರೌಂಡಿಗೆ ಮಾರ್ಸಿಯಾನೋ ಗೆದ್ದ. ಯುರೋಪಿನಲ್ಲಿ ತೋರಿಸಿದ್ದರಲ್ಲಿ ಅಲಿ ಗೆದ್ದ! ಪಾಪ, ಮಾರ್ಸಿಯಾನೋ ಅದನ್ನು ನೋಡಲೇ ಇಲ್ಲ. ಶೂಟಿಂಗ್ ಮುಗಿದ ಕೆಲವೇ ವಾರದಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ.

"ಕಂಪ್ಯೂಟರ್ ಬೇಡ, ಏಳು ಮೇಲೆ" ಅಂದರು ದೊಡ್ಡಪ್ಪ. ಟವೆಲನ್ನು ಕಂಬದ ಮೊಳೆಗೆ ನೇತುಹಾಕಿದರು.

ದೊಡ್ಡಪ್ಪ ಆರಡಿ ಆಳು, ನಾನು ಐದಡಿ ಐದಂಗುಲ. ಫೋರ್‌ಮನ್ ಆರಡಿ ಮೂರಂಗುಲ, ಟೈಸನ್ ಐದಡಿ ಹತ್ತಂಗುಲ. ಹೆಚ್ಚೂ ಕಡಿಮೆ ಅಳತೆ ಸರಿಹೋಯಿತು. ನಾನು ಎರಡೂ ಮುಷ್ಟಿ ಕೆನ್ನೆಗೆ ಒತ್ತಿಕೊಂಡು, ಮೊಣಕಾಲು ಬಗ್ಗಿಸಿ, ತಲೆ ಆ ಕಡೆ ಈ ಕಡೆ ಆಡಿಸುತ್ತಾ ಮುಂದೆ ಹೋದೆ. ದೊಡ್ಡಪ್ಪ ಗುದ್ದಲಿಲ್ಲ. ಎರಡೂ ಅಂಗೈ ನನ್ನ ಭುಜದ ಮೇಲಿಟ್ಟು, ದನ ಅಟ್ಟುವ ಹಾಗೆ ಹಿಂದಕ್ಕೆ ತಳ್ಳಿದರು. ಎರಡು ಹೆಜ್ಜೆ ಹಿಂದೆ ಹೋದೆ. ಮತ್ತೆ ನುಗ್ಗಿದೆ. ಅಷ್ಟರಲ್ಲಿ ಕೆಳಗಿನಿಂದ ಅವರ ಬಲಗೈ ಬಂದು ನನ್ನ ಗದ್ದದ ಅಡಿ, ಒಂದು ಬೆರಳು ಜಾಗ ಬಿಟ್ಟು ನಿಂತಿತು. ಸುಣ್ಣದ ವಾಸನೆ ಮೂಗಿಗೆ ಬಡಿಯಿತು.

"ಕಿಂಗ್‌ಸ್ಟನ್, 1973. ಫ್ರೇಜಿಯರ್‌ಗೂ ಹಿಂಗೇ ಮಾಡಿದ್ದು" ಅಂದರು.

ಆ ಪಂದ್ಯ ನಾನು ಎಷ್ಟೋ ಸಲ ಯೂಟ್ಯೂಬಿನಲ್ಲಿ ನೋಡಿದ್ದೇನೆ. ಆರು ಸಲ ಬಿದ್ದದ್ದನ್ನು ಎಣಿಸಿದ್ದೇನೆ. ಆ ತಳ್ಳೋದನ್ನು ಮಾತ್ರ ಸರಿಯಾಗಿ ಗಮನಿಸಿರಲಿಲ್ಲ. ಕುಳ್ಳಗಿರುವವನು ಹತ್ತಿರ ಬಂದರೆ ಮಾತ್ರ ಹೊಡೆಯಬಲ್ಲ. ಅವನನ್ನು ತಳ್ಳಿ ದೂರ ಇಟ್ಟರೆ, ಮತ್ತೆ ಬಗ್ಗಿ ಒಳಗೆ ಬರುವಾಗ ಮುಖ ತಾನಾಗಿ ಕೆಳಗಿನಿಂದ ಗದ್ದಕ್ಕೆ ಬೀಸುವ ಗುದ್ದಿಗೆ, ಅಂದರೆ ಅಪ್ಪರ್‌ಕಟ್‌ಗೆ ಸಿಗುತ್ತೆ.

ಮೂರನೇ ಸಲ ನಾನು ಅವರ ಕೈ ಕೆಳಗೆ ನುಸುಳಿ ಪಕ್ಕೆ ಮುಟ್ಟಿದೆ. ಟೈಸನ್ ಹೀಗೆ ನುಸುಳುತ್ತಿದ್ದದ್ದೂ ಸುಳ್ಳಲ್ಲ. ಫ್ರೇಜಿಯರ್ ನಿಧಾನಕ್ಕೆ ಕಾವೇರುವವನು, ಟೈಸನ್ ಮೊದಲ ರೌಂಡಿನ ಗಂಟೆ ಬಾರಿಸಿದ ಕೂಡಲೇ ಬೆಂಕಿ. ತಲೆ ಆಡಿಸಿ ತಪ್ಪಿಸಿಕೊಳ್ಳೋದರಲ್ಲೂ ಚುರುಕು, ಎರಡೂ ಕೈಯಲ್ಲಿ ಏಟು. 1976ರಲ್ಲಿ ರಾನ್ ಲೈಲ್ ಈ ಫೋರ್‌ಮನ್‌ನನ್ನೇ ಎರಡು ಸಲ ಕೆಡವಿರಲಿಲ್ವಾ? ಇದನ್ನೆಲ್ಲ ಹೇಳೋಣ ಅಂತ ಬಾಯಿ ತೆರೆದೆ. "ಕೊನೆಗೆ ಎದ್ದು ಹೊಡೆದೋನು ಯಾರು? ಐದನೇ ರೌಂಡಿಗೆ ಮಲಗಿದ್ದು ಲೈಲ್" ಅಂತ ದೊಡ್ಡಪ್ಪ ಮೊದಲೇ ಅಂದುಬಿಟ್ಟರು. ಇನ್ನೊಂದು ಸಲ ತಳ್ಳಿದರು. ಈ ಸಲ ತಳ್ಳಿದ್ದಕ್ಕೆ ಅವರೇ ಮುಗ್ಗರಿಸಿ ಕಂಬ ಹಿಡಿದುಕೊಂಡರು. ಏದುಸಿರು. ಹಣೆ ಮೇಲೆ ಬೆವರು.

ಒಳಗಿನಿಂದ ದೊಡ್ಡಮ್ಮ ಕಾಫಿ ತಟ್ಟೆ ಹಿಡಿದು ಬಂದರು. "ತಿಥಿ ದಿನಾನೂ ಬಿಡಲ್ವೇನ್ರೀ? ಬಿಪಿ ಮಾತ್ರೆ ತಗೊಂಡ್ರಾ?"

ನಾನು ಬಿಡಲಿಲ್ಲ. "ನೋಡಿದ್ರಾ ದೊಡ್ಡಪ್ಪ, ಕಿನ್ಶಾಸಾದಲ್ಲೂ ಫೋರ್‌ಮನ್‌ಗೆ ಹಿಂಗೇ ಉಸಿರು ಕಟ್ಟಿದ್ದು. ನೀವಿನ್ನೂ ಎರಡನೇ ರೌಂಡಲ್ಲಿದ್ದೀರಿ."

ದೊಡ್ಡಪ್ಪ ಲೋಟ ಎತ್ತಿಕೊಂಡು, ಉಸಿರು ಹದಕ್ಕೆ ಬರಲಿ ಅಂತ ಕಾದು, "ಫ್ರೇಜಿಯರ್‌ಗೂ ಅಷ್ಟೇ ಸಾಕಾಗಿತ್ತು" ಅಂದರು.